ಚದರಡಿ ಲೆಕ್ಕದಲ್ಲಿ ಮಳೆ ಬರೆಸೋಕಾಗಲ್ಲ ಸಾರ್

ಚಿಕ್ಕಮಗಳೂರು ಜಿಲ್ಲೇಲಿ ಗೋಡೆಗೆ ಚಿತ್ರ ಬರೆಸೋದು, ಸರ್ಕಲ್ಲಿಗೆ ಪ್ರತಿಮೆ ಇಡಿಸೋದು, ಪಾರ್ಕು ಅಂದ ಮಾಡಿಸೋದು ಇವಕ್ಕೆಲ್ಲ ಫೈಲ್ ಮೇಲೆ ಸೈನ್ ಹಾಕೋ ಎಲ್ಲಾ ಸಾಹೇಬರಿಗೂ, ಮೇಡಂಗಳಿಗೂ, ಹಾಗೇ ಆ ಗೋಡೆ ಮುಂದೆ ದಿನಾ ಓಡಾಡೋ ನಮ್ಮ ಜನಕ್ಕೂ,

ನಮಸ್ಕಾರ.

ನೇರ ವಿಷಯಕ್ಕೆ ಬರ್ತೀನಿ. ಪರಿಸರ ಜಾಗೃತಿ ಅಂತ ಹೇಳಿ ನಮ್ಮ ಕಡೆ ಒಂದಷ್ಟು ಗೋಡೆ ಮೇಲೆ ಚಿತ್ರ ಬರೆಸ್ತೀರಿ, ಒಂದಷ್ಟು ಕಡೆ ಸಿಮೆಂಟಿನ ಪ್ರಾಣಿ ಕೂರಿಸ್ತೀರಿ. ಆ ದುಡ್ಡನ್ನ ಬೇರೆ ಥರ ಖರ್ಚು ಮಾಡಿ ಅಂತ ಕೇಳೋಕೆ ಈ ಪತ್ರ. ಜಾಸ್ತಿ ದುಡ್ಡು ಕೇಳ್ತಿಲ್ಲ. ಅಷ್ಟೇ ದುಡ್ಡು, ಆದ್ರೆ ಕಲಾವಿದರನ್ನೂ ವಿಜ್ಞಾನಿಗಳನ್ನೂ ಮೊದಲನೇ ದಿನದಿಂದ ಒಂದೇ ಟೇಬಲ್ಲಿಗೆ ಕೂರಿಸಿ, ಮೂರು ಮಳೆಗಾಲ ಟೈಮ್ ಕೊಡಿ, ಚದರಡಿ ರೇಟು ಬಿಟ್ಟುಬಿಡಿ. ಅರ್ಜಿ ಇಷ್ಟೇ, ಕೆಳಗೆ ಇರೋದೆಲ್ಲ ಯಾಕೆ ಅನ್ನೋ ವಿವರ, ಟೈಮ್ ಇಲ್ದೋರು ಇಲ್ಲಿಗೇ ನಿಲ್ಲಿಸಿ ಸೈನ್ ಹಾಕಿದ್ರೂ ನನಗೆ ಬೇಜಾರಿಲ್ಲ.

ನಾನು ಮೂಡಿಗೆರೆ ಕಡೆ ಒಂದು ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು, ಹಾಗಾಗಿ ಈ ಗೋಡೆ ಚಿತ್ರ ಬರೆಯೋ ಹುಡುಗರಲ್ಲಿ ಸುಮಾರು ಜನ ನನ್ನ ಸ್ಟೂಡೆಂಟ್ಸೇ. ಇದು ಹೇಗೆ ನಡೆಯುತ್ತೆ ಅಂತ ಅವರ ಬಾಯಿಂದಲೇ ಕೇಳಿದೀನಿ. ಮಾರ್ಚ್ ಎಂಡ್ ಹತ್ರ ಬರುತ್ತೆ, ಯಾವುದೋ ಹೆಡ್ಡಲ್ಲಿ ಸ್ವಲ್ಪ ದುಡ್ಡು ಉಳ್ಕೊಂಡಿರುತ್ತೆ, ಖರ್ಚಾಗದಿದ್ರೆ ವಾಪಸ್ ಹೋಗುತ್ತೆ, ಸರಿ ಕಾಂಪೌಂಡಿಗೆ ಪರಿಸರದ ಚಿತ್ರ ಬರೆಸಿಬಿಡೋಣ ಅಂತ ಯಾರಿಗೋ ಹೊಳೆಯುತ್ತೆ. ಚದರಡಿಗೆ ಇಷ್ಟು ಅಂತ ಎಸ್ಟಿಮೇಟ್ ಆಗುತ್ತೆ. ಕೆಲಸ ಹಿಡಿದ ಕಾಂಟ್ರಾಕ್ಟರು ಪೇಂಟರ್ ಹುಡುಗನ ವಾಟ್ಸಾಪಿಗೆ ನಾಲ್ಕು ಫೋಟೋ ಹಾಕಿ, ಇದೇ ಥರ ಬರಲಿ, 31ನೇ ತಾರೀಕಿನ ಒಳಗೆ ಮುಗಿಸು, ಬಿಲ್ ಪಾಸ್ ಆಗ್ಬೇಕು ಅಂತಾರೆ. ಅಲ್ಲಿಗೆ ಮುಗೀತು ಪರಿಸರ.

ನಮ್ಮ ಕಡೆ ಒಂದು ಗೋಡೆ ಇದೆ, ಯಾರದ್ದು ಅಂತ ಹೇಳಲ್ಲ, ಬೇಡ ಬಿಡಿ. ಅದರಲ್ಲಿ ಒಂದು ಜಲಪಾತ, ಕೆಳಗೆ ನೀರು ಕುಡೀತಿರೋ ಹುಲಿ, ಹುಲಿ ತಲೆ ಮೇಲಿನ ಕೊಂಬೇಲಿ ಕೆಂಪು ನೀಲಿ ಹಳದಿ ಬಣ್ಣದ ಎರಡು ಮಕಾವ್ ಗಿಳಿ. ಚಂದ ಬರೆದಿದಾನೆ ಹುಡುಗ, ಕೈ ಒಳ್ಳೇದಿದೆ ಅವನದ್ದು. ಆದ್ರೆ ಮಕಾವ್ ಇರೋದು ಅಮೆಜಾನ್ ಕಾಡಿನ ಕಡೆ, ಹುಲಿ ಇರೋದು ನಮ್ಮ ಭದ್ರಾ ಕಾಡಲ್ಲಿ, ಎರಡಕ್ಕೂ ಈ ಜನ್ಮದಲ್ಲಿ ಭೇಟಿ ಆಗೋದಿಲ್ಲ. ಯಾಕೋ ಹೀಗೆ ಬರೆದೆ ಅಂದ್ರೆ "ಸಾರ್, ನಮ್ಮನೆ ಹಿಂದೆ ಅತ್ತಿ ಮರಕ್ಕೆ ಮಂಗಟ್ಟೆ ಹಕ್ಕಿ ಬರುತ್ತೆ, ಅದನ್ನೇ ಬರೀತೀನಿ ಅಂದೆ, ಬ್ಯಾಡ ಫೋಟೋದಲ್ಲಿ ಎಂತ ಇದೆಯೋ ಅದನ್ನೇ ಬರಿ ಅಂದ್ರು" ಅಂದ. ಆ ಹುಡುಗನಿಗೆ ಮಂಗಟ್ಟೆ ಯಾವ ತಿಂಗಳು ಬರುತ್ತೆ, ಗಂಡು ಹೆಣ್ಣಿಗೆ ಎಂಥ ತುತ್ತು ತಂದುಕೊಡುತ್ತೆ ಎಲ್ಲಾ ಗೊತ್ತು. ಗೋಡೆಗೆ ಮಾತ್ರ ಗೊತ್ತಾಗಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಹುಲಿ ಮುಖಕ್ಕೆ ಪಾಚಿ ಹತ್ತಿ ಕಪ್ಪಾಯ್ತು. ಈಗ ಅದು ಕರಡೀನೋ ಹುಲೀನೋ ಹೇಳೋದು ಕಷ್ಟ. ಮಲೆನಾಡಲ್ಲಿ ಗೋಡೆ ಮೇಲೆ ಕೊನೇ ಕೈ ಯಾವಾಗ್ಲೂ ಪಾಚೀದೇ.

ಕಲೆಯಿಂದ ಎಂತ ಆಗುತ್ತೆ ಅಂತ ಕೇಳೋರಿಗೆ ಮೊದಲು ನಮ್ಮ ರಾಜ್ಯದ್ದೇ ಒಂದು ಮಾತು. ಬಾದಲ್ ನಂಜುಂಡಸ್ವಾಮಿ ಅನ್ನೋ ಕಲಾವಿದರು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡೀಲಿ ಫೈಬರ್ ಮೊಸಳೆ ಮಲಗಿಸಿದ್ರು, 2019ರಲ್ಲಿ ಒಬ್ಬ ಗಗನಯಾತ್ರಿ ಚಂದ್ರನ ಮೇಲೆ ನಡೆದಂಗೆ ಗುಂಡಿ ಬಿದ್ದ ರೋಡಲ್ಲಿ ನಡೆಸಿ ವಿಡಿಯೋ ಮಾಡಿದ್ರು, ಎರಡು ಸಲಾನೂ ಕಾರ್ಪೊರೇಷನ್ನವರು ಓಡಿ ಬಂದು ಗುಂಡಿ ಮುಚ್ಚಿದ್ರು. ಗುಂಡಿ ಎಲ್ರ ಕಣ್ಣಿಗೂ ಕಾಣುತ್ತೆ, ಅದಕ್ಕೆ ಮೊಸಳೆ ಒಂದೇ ಸಾಕಾಯ್ತು. ಆದ್ರೆ ಹೊಳೆ ನೀರಲ್ಲಿ ಎಂತ ಕರಗಿದೆ, ಮಣ್ಣಲ್ಲಿ ಎಂತ ಸೇರಿದೆ, ಮಳೆ ಹೇಗೆ ಬದಲಾಗಿದೆ ಅನ್ನೋದು ಕಣ್ಣಿಗೆ ಕಾಣಲ್ಲ, ಅಳೆದೇ ತಿಳೀಬೇಕು, ಅಳೆಯೋರು ಜೊತೆಗೆ ಇರ್ಬೇಕು. ಅಲ್ಲಿಗೆ ವಿಜ್ಞಾನಿ ಬೇಕಾಯ್ತಲ್ಲ.

ಈ ಥರ ಜೊತೆ ಕೆಲಸದಲ್ಲಿ ನನಗೆ ಭಾರಿ ಇಷ್ಟ ಆಗೋದು ಅಮೆರಿಕದ್ದು, ರಿವೈವಲ್ ಫೀಲ್ಡ್ ಅಂತ. ಮೆಲ್ ಚಿನ್ ಅನ್ನೋ ಕಲಾವಿದ. ಮಣ್ಣಿನಲ್ಲಿರೋ ಕ್ಯಾಡ್ಮಿಯಂ, ಸತುವಿನಂಥ ಭಾರ ಲೋಹಗಳನ್ನ ಬೇರಿಂದ ಹೀರಿ ಎಲೇಲಿ ತುಂಬಿಸಿಕೊಳ್ಳೋ ಗಿಡಗಳಿದಾವೆ ಅಂತ ಎಲ್ಲೋ ಓದಿ, ಅದರ ಮೇಲೆ ಕೆಲಸ ಮಾಡೋ ರೂಫಸ್ ಚೇನಿ ಅನ್ನೋ ವಿಜ್ಞಾನಿ ಹತ್ರ ಹೋದ್ರು. ಚೇನಿ ಅಲ್ಲಿನ ಕೃಷಿ ಇಲಾಖೆಯವರು, ಐಡಿಯಾ ಅವರ ಹತ್ರ ಎಷ್ಟೋ ವರ್ಷದಿಂದ ಇತ್ತು, ಹೊಲದಲ್ಲಿ ಹಾಕಿ ನೋಡೋಕೆ ಅವಕಾಶ ಸಿಕ್ಕಿರಲಿಲ್ಲ. 1991ರಲ್ಲಿ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ಊರಲ್ಲಿ ಪಿಗ್ಸ್ ಐ ಅನ್ನೋ ಹಳೇ ಕಸದ ಗುಂಡಿ ಮೇಲೆ ಇಬ್ರೂ ಸೇರಿ ತೋಟ ಹಾಕಿದ್ರು. ಚೌಕದ ಬೇಲಿ, ಒಳಗೆ ಒಂದು ದುಂಡನೆ ಪಾತಿ, ಮಧ್ಯದಲ್ಲಿ ಒಂದನ್ನೊಂದು ದಾಟೋ ಎರಡು ಕಾಲುದಾರಿ, ಮೇಲಿಂದ ನೋಡಿದ್ರೆ ಬಂದೂಕಿನ ಗುರಿ ಇಟ್ಟಂಗೆ ಕಾಣೋ ವಿನ್ಯಾಸ. ಕಲಾವಿದನಿಗೆ ಅದು ಶಿಲ್ಪ, ವಿಜ್ಞಾನಿಗೆ ಅದೇ ಪ್ರಯೋಗದ ಪ್ಲಾಟು, ಯಾವ ಗಿಡ ಯಾವ ಪಾತೀಲಿ ಅನ್ನೋದು ಇಬ್ಬರ ಲೆಕ್ಕಕ್ಕೂ ಹೊಂದಬೇಕಿತ್ತು. ಮೂರು ವರ್ಷ ಬೆಳೆದು, ಕೊಯ್ದು, ಟೆಸ್ಟ್ ಮಾಡಿದ್ರು. ಆಲ್ಪೈನ್ ಪೆನಿಕ್ರೆಸ್ ಅನ್ನೋ ಪುಟ್ಟ ಗಿಡ ನಿಜವಾಗ್ಲೂ ಲೋಹ ಹೀರಿತ್ತು.

ಸಾಹೇಬರು ಓದಬೇಕಾದ ಭಾಗ ಇನ್ನೊಂದಿದೆ. ಈ ಕೆಲಸಕ್ಕೆ ಅಲ್ಲಿನ ಕೇಂದ್ರ ಕಲಾ ನಿಧಿಯಿಂದ 10,000 ಡಾಲರ್ ಸ್ಯಾಂಕ್ಷನ್ ಆಗೋ ಹಂತದಲ್ಲಿತ್ತು, ಕಮಿಟಿ ಒಪ್ಪಿತ್ತು, 1990ರಲ್ಲಿ ಆ ನಿಧಿಯ ಅಧ್ಯಕ್ಷರೇ ತಡೆ ಹಿಡಿದ್ರು, ಇದರಲ್ಲಿ ಕಲೆ ಎಲ್ಲಿದೆ ಅನ್ನೋ ಅನುಮಾನ. ಚಿನ್ ಹೋಗಿ ಎದುರಿಗೆ ಕೂತು ವಿವರಿಸಿದ ಮೇಲೆ ದುಡ್ಡು ವಾಪಸ್ ಬಂತು. ಅಂದ್ರೆ ಫೈಲ್ ಎಲ್ಲಿ ನಿಂತ್ಕೊಳ್ಳುತ್ತೆ ಅನ್ನೋದು ಅಮೆರಿಕದಲ್ಲೂ ಚಿಕ್ಕಮಗಳೂರಲ್ಲೂ ಒಂದೇ ಜಾಗ. ನಮ್ಮಲ್ಲಿ ಇದೇ ಪ್ರಪೋಸಲ್ ಬಂದಿದ್ರೆ ತೋಟಗಾರಿಕೆಯವರು ಇದು ಕಲೆ ಅಂತಿದ್ರು, ಸಂಸ್ಕೃತಿ ಇಲಾಖೆಯವರು ಇದು ತೋಟಗಾರಿಕೆ ಅಂತಿದ್ರು, ಆಡಿಟ್‌ನವರು ಚದರಡಿ ಎಷ್ಟು ಅಂತಿದ್ರು.

ಎರಡನೇದು ನಮಗೆ ಇನ್ನೂ ಹತ್ತಿರದ್ದು. ಒಹಾಯೊ ರಾಜ್ಯದಲ್ಲಿ ಪಾಳು ಬಿದ್ದ ಕಲ್ಲಿದ್ದಲು ಗಣಿಗಳಿಂದ ಆಸಿಡ್ ನೀರು ಹೊಳೆಗೆ ಬರ್ತಾನೇ ಇರುತ್ತೆ, ಅದರಲ್ಲಿ ಕರಗಿರೋ ಕಬ್ಬಿಣ ಗಾಳಿ ತಾಗಿದ ಕೂಡಲೆ ತುಕ್ಕಾಗಿ ತಳಕ್ಕೆ ಕೂರುತ್ತೆ, ಹೊಳೆ ಕಿತ್ತಳೆ ಬಣ್ಣ, ಮೀನು ಇಲ್ಲ ಏನೂ ಇಲ್ಲ. ಒಹಾಯೊ ಯೂನಿವರ್ಸಿಟಿಯ ಎಂಜಿನಿಯರ್ ಗೈ ರೀಫ್ಲರ್ ಅವರು ಆ ತುಕ್ಕನ್ನ ಬೇರ್ಪಡಿಸಿ ಬಣ್ಣದ ಪುಡಿ ಮಾಡ್ಬೋದಾ ಅಂತ ನೋಡ್ತಿದ್ರು, ಅದೇ ಯೂನಿವರ್ಸಿಟಿಯ ಪೇಂಟರ್ ಜಾನ್ ಸಬ್ರಾ ಆ ಪುಡೀನ ಎಣ್ಣೆಗೆ ಕಲಸಿ ಚಿತ್ರ ಬರೆದು, ಇದು ತೀರಾ ಒರಟು, ಇದು ಸರಿ, ಇದನ್ನ ಇನ್ನೂ ಹುರಿದ್ರೆ ನೇರಳೆ ಬರುತ್ತೆ ಅಂತ ವಾಪಸ್ ಹೇಳ್ತಿದ್ರು. ಆಮೇಲೆ ಒಂದು ಪೇಂಟ್ ಕಂಪನಿ ಅದೇ ಬಣ್ಣಾನ ಟ್ಯೂಬಲ್ಲಿ ತುಂಬಿ ಮಾರಾಟಕ್ಕೂ ಇಳಿಸ್ತು. ಬಣ್ಣ ಮಾರಿ ಬಂದ ದುಡ್ಡಲ್ಲಿ ಹೊಳೆ ಕ್ಲೀನ್ ಮಾಡೋದು ಪ್ಲಾನು.

ಕುದುರೆಮುಖ ನೆನಪಾಗ್ಲಿಲ್ವಾ? ಸುಪ್ರೀಂ ಕೋರ್ಟ್ ಆರ್ಡರಿಂದ 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು, ಲಕ್ಯಾ ಡ್ಯಾಮಿನ ಹಿಂದೆ ಗಣಿ ಹೂಳು ಮಾತ್ರ ಹಾಗೇ ಕೂತಿದೆ. ಭದ್ರಾ ಹುಟ್ಟೋ ಗಂಗಾಮೂಲ ಅಲ್ಲೇ ಹತ್ರ. ಆದ್ರೆ ಒಹಾಯೊದ್ದು ನೋಡ್ಕೊಂಡು ಇಲ್ಲೂ ಹಂಗೇ ಮಾಡೋಣ ಅಂತ ಹೊರಟ್ರೆ ಕೆಡುತ್ತೆ. ಅಲ್ಲಿ ಕಲ್ಲಿದ್ದಲು ಗಣಿಯ ಆಸಿಡ್ ನೀರು, ಇಲ್ಲಿ ಮ್ಯಾಗ್ನೆಟೈಟ್ ಅದಿರು ತೆಗೆದ ಮೇಲೆ ಉಳಿದ ನುಣ್ಣನೆ ಕಲ್ಲಿನ ಹೂಳು, ರಸಾಯನವೇ ಬೇರೆ, ಮೇಲಾಗಿ ಅದು ರಾಷ್ಟ್ರೀಯ ಉದ್ಯಾನ, ಒಂದು ಬುಟ್ಟಿ ಮಣ್ಣು ಎತ್ತೋಕೂ ಪರ್ಮಿಷನ್ ಬೇಕು, ಇರಬೇಕಾದ್ದೇ. ಇಂಥ ಕಡೆ ಬರೀ ಕಲಾವಿದನ್ನ ಕಳಿಸಿದ್ರೆ ಹೂಳು ತಂದು ಶಿಲ್ಪ ಮಾಡ್ತೀನಿ ಅಂತಾನೆ. ಬರೀ ವಿಜ್ಞಾನಿ ಹೋದ್ರೆ ರಿಪೋರ್ಟ್ ಬರೆದು ಇಡ್ತಾರೆ, ಅದನ್ನ ಕಳಸದ ಬಸ್ ಸ್ಟ್ಯಾಂಡಲ್ಲಿ ನಿಂತೋರು ಯಾರೂ ಓದೋದಿಲ್ಲ.

ಕಪ್ಪೆ ವಿಷ್ಯ ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀನಿ. ಬ್ರ್ಯಾಂಡನ್ ಬ್ಯಾಲೆಂಜೀ ಅಂತ ಒಬ್ರು ಕಲಾವಿದರೂ ಹೌದು ಜೀವಶಾಸ್ತ್ರಜ್ಞರೂ ಹೌದು, ಕಾಲು ಇಲ್ಲದ, ಕಾಲು ಜಾಸ್ತಿ ಇರೋ ಕಪ್ಪೆಗಳ ಚಿತ್ರಗಳ ಪ್ರದರ್ಶನ ಮಾಡ್ತಾರೆ. ಅವರೇ ಸ್ಟ್ಯಾನ್ಲಿ ಸೆಷನ್ಸ್ ಅನ್ನೋ ವಿಜ್ಞಾನಿ ಜೊತೆ ಸೇರಿ, ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರೊಳಗೆ ಗೊದಮೊಟ್ಟೆಯ ಮೊಳೆಯೋ ಕಾಲನ್ನ ಕಚ್ಚಿ ತಿನ್ನೋದರಿಂದಲೂ ಕಾಲಿಲ್ಲದ ಕಪ್ಪೆ ಆಗುತ್ತೆ ಅಂತ ತೋರಿಸಿ ಪೇಪರ್ ಬರೆದ್ರು. ನಮ್ಮಲ್ಲೂ ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಅವರು ಪಾಠ ಮಾಡೋದು ಬೆಂಗಳೂರಿನ ಸೃಷ್ಟಿ ಅನ್ನೋ ಕಲೆ ಡಿಸೈನ್ ಕಾಲೇಜಲ್ಲಿ. ಉತ್ತರ ಕನ್ನಡದ ಕತ್ತಲೆಕಾನಲ್ಲಿ ಸಿಕ್ಕಿದ ಕುಂಬಾರ ಕಪ್ಪೆ ಬಗ್ಗೆ 2014ರಲ್ಲಿ ಲೋಕಕ್ಕೆ ಹೇಳಿದ ತಂಡ ಅವರದ್ದು, ಗಂಡು ಕಪ್ಪೆ ಹಿಂಗಾಲ ಮೇಲೆ ನಿಂತು ಮುಂಗೈಯಲ್ಲಿ ಕೆಸರು ತಗೊಂಡು ಮೊಟ್ಟೆಗೆ ಮೆತ್ತುತ್ತೆ. ಕಪ್ಪೆ ಗೊತ್ತಿರೋರು, ಚಿತ್ರ ಗೊತ್ತಿರೋರು ಒಂದೇ ಬಿಲ್ಡಿಂಗಲ್ಲಿ ಇರೋ ಜಾಗ ರಾಜ್ಯದಲ್ಲೇ ಇದೆ ಅಂತ ಹೇಳೋಕೆ ಇದನ್ನ ಹೇಳಿದೆ.

ಎಲ್ಲಾ ಜೊತೆ ಕೆಲಸಾನೂ ಚೆನ್ನಾಗಿರುತ್ತೆ ಅಂತಲ್ಲ ಮತ್ತೆ. ಭಾರಿ ಫೇಮಸ್ ಆದ ಐಸ್ ವಾಚ್ ನನಗೆ ಅಷ್ಟಾಗಿ ಹಿಡಿಸ್ಲಿಲ್ಲ. ಕಲಾವಿದ ಓಲಾಫುರ್ ಎಲಿಯಾಸನ್, ಭೂವಿಜ್ಞಾನಿ ಮಿನಿಕ್ ರೋಸಿಂಗ್ ಸೇರಿ ಗ್ರೀನ್‌ಲ್ಯಾಂಡಿನ ಹಿಮ ಗಡ್ಡೆಗಳನ್ನ 2014ರಲ್ಲಿ ಕೋಪನ್‌ಹೇಗನ್, 2015ರಲ್ಲಿ ಪ್ಯಾರಿಸ್, 2018ರಲ್ಲಿ ಲಂಡನ್ ಬೀದೀಲಿ ತಂದಿಟ್ರು, ಜನ ಮುಟ್ಟಿ ನೋಡಿದ್ರು, ಕರಗಿತು. ಅದಕ್ಕೆ ಆದ ಕಾರ್ಬನ್ ಲೆಕ್ಕಾನೂ ಪಬ್ಲಿಕ್ಕಾಗಿ ಕೊಟ್ರು, ಆ ಪ್ರಾಮಾಣಿಕತೆ ಮೆಚ್ಚಬೇಕು. ಆದ್ರೂ ದೂರದ ಊರಿನ ಐಸು ತಂದು ಇನ್ನೊಂದೂರಲ್ಲಿ ಕರಗಿಸೋದು, ಮಾರನೇ ದಿನ ಅಲ್ಲಿ ಏನೂ ಉಳಿಯದೇ ಇರೋದು, ನನಗ್ಯಾಕೋ ಹಬ್ಬದ ದಿನ ಬಂದು ಹೋಗೋ ನೆಂಟರ ಥರ. ಮಣ್ಣಲ್ಲಿ ಮೂರು ವರ್ಷ ಗಿಡ ಬೆಳೆದೋರ ಕೆಲಸ ಬೇರೆ.

ಈಗ ನಮ್ಮ ಜಿಲ್ಲೆಗೆ ಏನು ಅನ್ನೋದಕ್ಕೆ ಬರ್ತೀನಿ, ಇದು ಸ್ವಲ್ಪ ಉದ್ದ ಆಗುತ್ತೆ.

ಇಂಗ್ಲೆಂಡಿನ ರೀಡಿಂಗ್ ಯೂನಿವರ್ಸಿಟಿಯ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಒಂದು ಚಿತ್ರ ಮಾಡಿದ್ರು. ಒಂದೊಂದು ವರ್ಷಕ್ಕೆ ಒಂದೊಂದು ಉದ್ದನೆ ಪಟ್ಟಿ, ತಂಪಿದ್ರೆ ನೀಲಿ, ಸೆಕೆ ಇದ್ರೆ ಕೆಂಪು, ಅಂಕಿ ಇಲ್ಲ, ಅಕ್ಷರ ಇಲ್ಲ. ನಾನು ಅದನ್ನ ಎಂಟನೇ ಕ್ಲಾಸಲ್ಲಿ ತೋರಿಸ್ದಾಗ ಏನೂ ಹೇಳದೇನೇ ಮಕ್ಳು ಕೊನೆ ಕಡೆ ಬೆರಳು ಇಟ್ಟು "ಇಲ್ಲಿಂದ ಜೋರಾಗಿದೆ ಸಾರ್" ಅಂದ್ವು. ಆದ್ರೆ ಅದು ಉಷ್ಣಾಂಶದ ಚಿತ್ರ, ನಮಗೆ ಬದುಕು ನಡೆಯೋದು ಮಳೇಲಿ. ಮಳೆಗೆ ಬಂದ್ರೆ ಈ ಜಿಲ್ಲೆ ಹತ್ರ ಒಂದು ಆಸ್ತಿ ಇದೆ, ಬೇರೆ ಜಿಲ್ಲೆಗಳಿಗೆ ಅಷ್ಟು ಸುಲಭಕ್ಕೆ ಸಿಗದ್ದು, ಕಾಫಿ ಎಸ್ಟೇಟುಗಳ ಮಳೆ ರಿಜಿಸ್ಟರು.

ನಮ್ಮಪ್ಪ ಎಸ್ಟೇಟ್ ಒಂದರಲ್ಲಿ ರೈಟ್ರಾಗಿದ್ರು, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತರು. ದಿನಾ ಬೆಳಗ್ಗೆ ಆಳುಗಳ ಹಾಜರಿ ಹಾಕೋದಕ್ಕೆ ಮುಂಚೆ ರೇನ್ ಗೇಜ್ ಹತ್ರ ಹೋಗಿ, ಬಾಟ್ಲಿ ಎತ್ತಿ ನೀರನ್ನ ಗಾಜಿನ ಅಳತೆ ಲೋಟಕ್ಕೆ ಸುರಿದು, ಬಗ್ಗಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರ್ಕೊಳ್ಳೋರು. ಬಟ್ಟೆ ಬೈಂಡಿಂಗಿನ ಉದ್ದನೆ ಬುಕ್ಕು, ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಒಂದರಿಂದ ಮೂವತ್ತೊಂದು. ಲೆಕ್ಕ ಇಂಚು ಸೆಂಟ್ಸಲ್ಲಿ, ನೂರು ಸೆಂಟ್ಸಿಗೆ ಒಂದು ಇಂಚು, ಇವತ್ತಿಗೂ ಬೆಳೆಗಾರರ ವಾಟ್ಸಾಪ್ ಗ್ರೂಪಲ್ಲಿ "ನಮ್ಮಲ್ಲಿ 80 ಸೆಂಟ್ಸು, ನಿಮ್ಮಲ್ಲೆಷ್ಟು" ಅಂತಲೇ ಕೇಳೋದು. ಜನವರಿ ಕಾಲಂ ಪೂರ್ತಿ ನಿಲ್, ನಿಲ್, ನಿಲ್. ಮಾರ್ಚಲ್ಲಿ ಎಲ್ಲೋ ಒಂದು ಕಡೆ 1.10 ಅಂತ ಬರೆದು ಕೆಂಪು ಇಂಕಲ್ಲಿ ಅಡಿಗೆರೆ, ಅದು ಹೂ ಮಳೆ, ಅದು ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ ಅರಳುತ್ತೆ. ಜುಲೈ ಕಾಲಮಲ್ಲಿ ಅಕ್ಷರ ಸೊಟ್ಟ, ಕಾಗದ ತೇವಕ್ಕೆ ಉಬ್ಬಿ ಇಂಕು ಹರಡಿರೋದು. ಡಿಸೆಂಬರಲ್ಲಿ ಒಂದು ದಿನ ಬರೀ 45 ಸೆಂಟ್ಸು, ಆದ್ರೆ ಪಕ್ಕದಲ್ಲಿ ಪೆನ್ಸಿಲಲ್ಲಿ "ಕಣದಲ್ಲಿ ಕಾಫಿ ನೆನೆಯಿತು" ಅಂತ. ಆ 45 ಸೆಂಟ್ಸು ಜುಲೈನ ಆರು ಇಂಚಿಗಿಂತ ಜಾಸ್ತಿ ನಷ್ಟ ಮಾಡಿರುತ್ತೆ.

ಇಂಥ ಬುಕ್ಕುಗಳು ಎಷ್ಟೋ ಎಸ್ಟೇಟ್ ಆಫೀಸುಗಳ ಬೀರುವಲ್ಲಿವೆ, ಗೆದ್ದಲು ತಿಂತಾ ಇವೆ, ಎಸ್ಟೇಟ್ ಮಾರಾಟ ಆದಾಗ ಹಳೇ ಪೇಪರ್ ಜೊತೆ ರದ್ದಿಗೆ ಹೋಗ್ತವೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಮೂಡಿಗೇರೇಲಿ ತೋಟಗಾರಿಕೆ ಕಾಲೇಜಿದೆ, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯ ಮಳೆ ಮಾಪಕ ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ಇದೆ. ಅಳೆಯೋರಿಗೆ ಬರ ಇಲ್ಲ. ಈ ಮಳೆ ಲೆಕ್ಕಾನೇ ಒಂದು ಗೋಡೆ ಮಾಡಿ ಅನ್ನೋದು ನನ್ನ ಮಾತು. ಕೊಟ್ಟಿಗೆಹಾರದ ಮಳೆ ಒಂದು ಕಡೆ, ಕಡೂರಿನ ಮಳೆ ಇನ್ನೊಂದು ಕಡೆ, ಮಧ್ಯದಲ್ಲಿ ಆಲ್ದೂರು, ಚಿಕ್ಕಮಗಳೂರು. ಒಂದೇ ಜಿಲ್ಲೇಲಿ ಒಂದು ತುದೀಲಿ ಕಂಬಳಿ ಒಣಗಲ್ಲ, ಇನ್ನೊಂದು ತುದೀಲಿ ಬೋರ್‌ವೆಲ್ಲಲ್ಲಿ ನೀರು ಬರಲ್ಲ ಅನ್ನೋದನ್ನ ಜನ ನಡ್ಕೊಂಡು ಹೋಗ್ತಾ ನೋಡ್ಲಿ.

ಇದರಲ್ಲಿ ವಿಜ್ಞಾನಿಗೆ ಏನು ಕೆಲಸ, ಬುಕ್ಕಲ್ಲಿ ಇರೋ ಅಂಕಿನ ಹಂಗೇ ಗೋಡೆಗೆ ಹಾಕಿದ್ರೆ ಆಯ್ತಲ್ಲ ಅಂತೀರಾ? ಆಗಲ್ಲ ಸಾರ್. ರೇನ್ ಗೇಜಿನ ಮೇಲಿರೋ ಫನೆಲ್ ಎಷ್ಟು ಅಗಲ ಇದೆಯೋ ಅದಕ್ಕೆ ತಕ್ಕ ಅಳತೆ ಲೋಟವೇ ಬೇಕು. ಲೋಟ ಒಡೆದು ಹೋಗಿ, ಬೇರೆ ಸೈಜಿನ ಗೇಜಿಗೆ ಮಾಡಿದ ಲೋಟ ತಂದಿಟ್ರೆ ಅಲ್ಲಿಂದ ಮುಂದಿನ ವರ್ಷಗಳೆಲ್ಲಾ ಸುಳ್ಳು, ನೋಡೋರಿಗೆ ಮಳೆ ದಿಢೀರ್ ಅಂತ ಕಮ್ಮಿ ಆದಂಗೋ ಜಾಸ್ತಿ ಆದಂಗೋ ಕಾಣುತ್ತೆ. ಭಾನುವಾರ ರಜ ಅಂತ ಅಳೆದಿರಲ್ಲ, ಸೋಮವಾರ ಎರಡೂ ದಿನದ್ದು ಸೇರಿ ಬರೆದಿರ್ತಾರೆ, ಅದನ್ನ ಭಾರಿ ಮಳೆ ಅಂತ ಕೆಂಪು ಬಣ್ಣ ಹೊಡೆದ್ರೆ ತಪ್ಪು. ಗೇಜ್ ಪಕ್ಕದಲ್ಲಿ ನೆಟ್ಟ ಸಿಲ್ವರ್ ಓಕ್ ಇಪ್ಪತ್ತು ವರ್ಷದಲ್ಲಿ ಬೆಳೆದು ಮಳೇಗೆ ಅಡ್ಡ ಬಂದಿರುತ್ತೆ. ಇದನ್ನೆಲ್ಲ ಹಿಡಿಯೋಕೆ ಗೊತ್ತಿರೋರು ಬೇಕು, ಒಂದು ವಾರದ ಕೆಲಸ ಅಲ್ಲ ಅದು.

ಇನ್ನು ಕಲಾವಿದ ಬರೀ ಬಣ್ಣ ತುಂಬೋಕಾ? ಅಲ್ಲೂ ಹಾಗಲ್ಲ. ವರ್ಷಕ್ಕೊಂದು ಪಟ್ಟಿ ಹಾಕಿದ್ರೆ ಮಳೆ ಕಥೆ ಮುಚ್ಚಿಹೋಗುತ್ತೆ, ಯಾಕಂದ್ರೆ ಎರಡು ವರ್ಷದ ಟೋಟಲ್ ಒಂದೇ ಇರಬಹುದು, ಒಂದು ವರ್ಷ ಜೂನಿಂದ ಸೆಪ್ಟೆಂಬರ್ ತನಕ ಜಡಿ ಹಿಡಿದು ಬಂದಿರುತ್ತೆ, ಇನ್ನೊಂದು ವರ್ಷ ಜೂನ್ ಪೂರ್ತಿ ಬಿಸಿಲು ಹೊಡೆದು ಆಗಸ್ಟಲ್ಲಿ ಹತ್ತು ದಿನಕ್ಕೆ ಎಲ್ಲಾ ಸುರಿದಿರುತ್ತೆ. ತೋಟದೋರಿಗೆ ಟೋಟಲ್ ಬೇಕಾಗಿಲ್ಲ, ಯಾವಾಗ ಬಂತು, ಎಷ್ಟು ದಿನ ಬಿಟ್ಟು ಬಂತು ಅನ್ನೋದೇ ಕೊಳೆ ರೋಗಾನೂ ತೀರ್ಮಾನ ಮಾಡೋದು ಸಾಲಾನೂ ತೀರ್ಮಾನ ಮಾಡೋದು. ಅದನ್ನ ಕಣ್ಣಿಗೆ ಕಾಣೋ ಹಾಗೆ ಹೇಗೆ ಮಾಡೋದು, ದಿನಕ್ಕೊಂದು ಬಿಲ್ಲೆಯಾ, ತಿಂಗಳಿಗೊಂದು ಸಾಲಾ, ಆರಿದ್ರಾ ಪುನರ್ವಸು ಪುಷ್ಯ ಅಂತ ನಕ್ಷತ್ರದ ಲೆಕ್ಕದಲ್ಲಾ, ಇದು ಕಲಾವಿದ ತಲೆ ಕೆಡಿಸ್ಕೋಬೇಕಾದ್ದು. ನಕ್ಷತ್ರದ ಲೆಕ್ಕದಲ್ಲಿ ಹಾಕಿದ್ರೆ ನಮ್ಮ ಅಜ್ಜಿಯಂದಿರು ಗೋಡೆ ಮುಂದೆ ನಿಂತು ವಿಜ್ಞಾನಿಗೇ ಪಾಠ ಮಾಡ್ತಾರೆ, ಅದನ್ನ ನೋಡೋಕಾದ್ರೂ ಈ ಗೋಡೆ ಆಗ್ಬೇಕು.

ಪುಣೆಯ ಹವಾಮಾನ ಸಂಸ್ಥೆ ಐಐಟಿಎಂನ ರಾಕ್ಸಿ ಮ್ಯಾಥ್ಯೂ ಕೋಲ್ ಅವರ ತಂಡ 2017ರಲ್ಲಿ, 1950ರಿಂದ 2015ರೊಳಗೆ ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶಕ್ಕೆ ಒಟ್ಟಿಗೆ ಸುರಿಯೋ ವಿಪರೀತ ಮಳೆ ಮೂರು ಪಟ್ಟು ಆಗಿದೆ ಅಂತ ಲೆಕ್ಕ ಕೊಟ್ಟಿತು. ಅದು ಮಧ್ಯ ಭಾರತದ್ದು, ನಮ್ಮದಲ್ಲ. ನಮ್ಮ ಗುಡ್ಡಗಳ ಲೆಕ್ಕ ಬೇಕಂದ್ರೆ ನಮ್ಮ ರೈಟ್ರುಗಳು ಬರೆದಿಟ್ಟ ಬುಕ್ಕನ್ನೇ ಬಿಚ್ಚಬೇಕು. ಒಂದು ಎಚ್ಚರಿಕೆ ಮಾತ್ರ ಹೇಳ್ತೀನಿ. 2019ರ ಆಗಸ್ಟಲ್ಲಿ ಮಲೆಮನೆ ಕಡೆ ಗುಡ್ಡ ಜಾರಿ ಮನೆ ಮಠ ಹೋಯ್ತಲ್ಲ, ಆ ದಿನಗಳ ಬಿಲ್ಲೆ ಗೋಡೆ ಮೇಲೆ ಹೇಗಿರಬೇಕು ಅನ್ನೋದನ್ನ ಕಲಾವಿದ ವಿಜ್ಞಾನಿ ಇಬ್ರೂ ಸೇರಿ ಕೂಡ ತೀರ್ಮಾನ ಮಾಡಬಾರದು. ಆ ಮನೆಯೋರನ್ನ ಕೇಳಬೇಕು. ಬೇಡ ಅಂದ್ರೆ ಆ ಜಾಗ ಖಾಲಿ ಬಿಡಬೇಕು.

ಜಾಗ ಎಲ್ಲಿ ಅಂತ ಕೇಳಿದ್ರೆ, ದಯವಿಟ್ಟು ಗಿರಿ ಮೇಲೆ ಮಾತ್ರ ಬೇಡ. ಮುಳ್ಳಯ್ಯನಗಿರಿ ಹುಲ್ಲುಗಾವಲಿಗೆ ಯಾವ ಕಲಾಕೃತೀನೂ ಬೇಕಾಗಿಲ್ಲ, 2022ರಲ್ಲಿ ಕುರಿಂಜಿ ಅರಳಿದಾಗ ಫೋಟೋಗೆ ಅಂತ ಹೂವಿನ ಮೇಲೇ ಮಲಗಿದೋರನ್ನ ನಾವೇ ನೋಡಿದೀವಿ, ಅಲ್ಲೊಂದು ಐ ಲವ್ ಚಿಕ್ಕಮಗಳೂರು ಬೋರ್ಡ್ ಬಂದ್ರೆ ಮುಗೀತು ಕಥೆ. ಕೆಳಗೆ ಕೈಮರ ಚೆಕ್‌ಪೋಸ್ಟಲ್ಲಿ ವೀಕೆಂಡಿಗೆ ಗಾಡಿ ಸಾಲು ನಿಂತಿರುತ್ತೆ, ಒಳಗೆ ಕೂತೋರಿಗೆ ನೋಡೋಕೆ ಮುಂದಿನ ಗಾಡಿ ಹಿಂಭಾಗ ಬಿಟ್ರೆ ಏನೂ ಇಲ್ಲ, ಆ ರೋಡ್ ಪಕ್ಕ ಒಂದು ಗೋಡೆ ಸಾಕು. ಇಲ್ಲಾಂದ್ರೆ ಪೇಟೇಲೇ ಬಸವನಹಳ್ಳಿ ಕೆರೆ ಹತ್ರ. ಪೇಂಟ್ ಬೇಡ, ಪಾಚಿ ಕಥೆ ಹೇಳಿದೀನಲ್ಲ, ಸುಟ್ಟ ಮಣ್ಣಿನ ಬಿಲ್ಲೆಯೋ ಕಲ್ಲೋ ಇರ್ಲಿ, ವರ್ಷ ವರ್ಷ ಹೊಸ ಸಾಲು ಸೇರಿಸೋಕೆ ಜಾಗ ಬಿಟ್ಟೇ ಕಟ್ಟಲಿ. ಹಳೇ ವರ್ಷದ ಸಾಲು ಜನವರೀಲಿ ಶಾಲೆ ಮಕ್ಳೇ ಕೂರಿಸ್ತಾರೆ, ಉದ್ಘಾಟನೆಗೆ ಮಂತ್ರಿಗಳನ್ನ ಕಾಯೋದು ಬೇಡ.

ಹೆಸರಿನ ವಿಷ್ಯಾನೂ ಹೇಳಿಬಿಡ್ತೀನಿ, ಕೋಪ ಮಾಡ್ಕೋಬೇಡಿ. ಪಕ್ಕದ ಬೇಲೂರಲ್ಲಿ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ, 1117ರಲ್ಲಿ. ರಾಜನ ಹೆಸರು ಶಾಸನದಲ್ಲಿದೆ, ಸರಿ. ಆದ್ರೆ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಕೆತ್ತಿದೋರ ಹೆಸರೂ ಇದೆ. ನಮ್ಮ ಈಗಿನ ಬೋರ್ಡುಗಳಲ್ಲಿ ಮೇಲಿಂದ ಕೆಳಗಿನ ತನಕ ಗೌರವಾನ್ವಿತರ ಪಟ್ಟಿ ಇರುತ್ತೆ, ಕೊನೇಲಿ ಕಾಂಟ್ರಾಕ್ಟರ್ ಹೆಸರು, ಬರೆದ ಹುಡುಗನ ಹೆಸರು ಎಲ್ಲೂ ಇಲ್ಲ. ಈ ಗೋಡೇಲಿ ಕಲಾವಿದನ ಹೆಸರು, ವಿಜ್ಞಾನಿ ಹೆಸರು, ಜೊತೆಗೆ ಯಾವ ಎಸ್ಟೇಟಿನ ಯಾವ ರೈಟ್ರು ಆ ಮಳೆ ಅಳೆದ್ರು ಅನ್ನೋದು ಇರ್ಬೇಕು. ಗೌರವಾನ್ವಿತರು ಹಿಂದುಗಡೆ ಇರಲಿ, ಜಾಗ ಬೇಕಾದಷ್ಟಿದೆ.

ದುಡ್ಡಿನ ತೊಡಕು ನನಗೂ ಗೊತ್ತು. ನಿಮ್ಮ ವರ್ಷ ಮಾರ್ಚಿಗೆ ಮುಗಿಯುತ್ತೆ, ಮಳೆ ವರ್ಷ ಜೂನಿಗೆ ಶುರು ಆಗೋದು. ಮೊದಲನೇ ಮಳೆಗಾಲ ಬುಕ್ಕು ಹುಡುಕಿ ಸ್ಕ್ಯಾನ್ ಮಾಡಿ ತಪ್ಪು ಹಿಡಿಯೋದಕ್ಕೇ ಹೋಗುತ್ತೆ, ಎರಡನೇದು ಒಂದು ಸಣ್ಣ ಗೋಡೆ ಮಾಡಿ ಮಳೇಲಿ ನೆನೆಸಿ ನೋಡೋಕೆ, ಮೂರನೇದಕ್ಕೆ ಪೂರ್ತಿ. ಆಡಿಟ್‌ನವರಿಗೆ ಮೊದಲ ವರ್ಷ ತೋರಿಸೋಕೆ ಒಂದು ಚದರಡಿನೂ ಇರೋದಿಲ್ಲ, ಸ್ಕ್ಯಾನ್ ಆದ ಬುಕ್ಕುಗಳ ರಾಶಿ ಇರುತ್ತೆ. ಅದನ್ನೇ ಕೆಲಸ ಅಂತ ಎಂಬಿ ಬುಕ್ಕಲ್ಲಿ, ಅಂದ್ರೆ ಕಾಮಗಾರಿ ಅಳತೆ ಪುಸ್ತಕದಲ್ಲಿ, ಬರೆಯೋ ದಾರಿ ನೀವು ಹುಡುಕಬೇಕು, ಅದು ನನ್ನ ಕೈಲಿ ಆಗೋದಲ್ಲ, ನಿಮ್ಮ ಕೈಲಿ ಆಗೋದು. ರೋಡಿಗೆ ಸರ್ವೆ ಅಂತ ದುಡ್ಡು ಕೊಡ್ತೀರಲ್ಲ ಸಾರ್, ಇದಕ್ಕೂ ಹಂಗೇ ಕೊಡಿ. ಬೆಳೆಗಾರರು ಬುಕ್ಕು ಕೊಡ್ತಾರಾ ಅನ್ನೋ ಅನುಮಾನ ಬೇಡ, ಸ್ಕ್ಯಾನ್ ಮಾಡಿ ಅವತ್ತೇ ವಾಪಸ್ ಕೊಡ್ತೀವಿ ಅಂದ್ರೆ ಕಾಫಿ ಕುಡಿಸಿ ಕೊಡ್ತಾರೆ, ತೆರಿಗೆ ಇಲಾಖೆಯೋರು ಅಲ್ಲ ಅಂತ ಮೊದಲೇ ಹೇಳ್ಬೇಕು ಅಷ್ಟೆ.

ಈಗ ನನ್ನದೊಂದು ಚಿಕ್ಕ ವಿನಂತಿ. ಮಳೆ ಹಿಡಿಯೋಕೆ ಮುಂಚೆ, ಮೇ ತಿಂಗಳೊಳಗೆ ಒಂದು ಮೀಟಿಂಗ್ ಕರೀರಿ. ಬಾಳೆಹೊನ್ನೂರಿನೋರು, ಮೂಡಿಗೆರೆ ಕಾಲೇಜಿನೋರು, ಬೆಳೆಗಾರರ ಸಂಘದೋರು, ನಾಲ್ಕು ಜನ ಕಲಾವಿದರು, ಗೋಡೆಗೆ ಮಕಾವ್ ಬರೆದ ನನ್ನ ಸ್ಟೂಡೆಂಟೂ ಇರ್ಲಿ, ಮತ್ತೆ ಇನ್ನೂ ಬದುಕಿರೋ ಹಳೇ ರೈಟ್ರುಗಳು. ವಯಸ್ಸಾದೋರು, ಸಂಜೆ ಮೇಲೆ ಘಟ್ಟದ ಕಡೆಗೆ ಬಸ್ಸು ಕಮ್ಮಿ, ಅದಕ್ಕೆ ಮೀಟಿಂಗ್ ಬೆಳಗ್ಗೆ ಹನ್ನೊಂದಕ್ಕೆ ಇಡಿ. ಮೇಲಿನ ಮಹಡಿ ಹಾಲ್ ಬೇಡ. ಸ್ಕ್ಯಾನರ್ ಒಂದು ರೆಡಿ ಇಟ್ಟಿರಿ, ಕೆಲವರು ಬುಕ್ಕು ಹಿಡ್ಕೊಂಡೇ ಬರ್ತಾರೆ.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಡ್ರಾಯಿಂಗ್ ಮೇಷ್ಟ್ರು